ಬಿಸಿಜಿ ಹಾಕಿಸಿದ್ದೇವೆ, ತೋಳಿನಲ್ಲಿ ಕಲೆ ಇಲ್ಲ, ಈಗ ಮನೆಯಲ್ಲೇ ಕ್ಷಯ: ಮಗುವಿಗೆ ರಕ್ಷಣೆ ಇದೆಯೇ?

ತೊಟ್ಟಿಲು_ತೂಗುವವಳು

ನನ್ನ ಮಗಳಿಗೆ ಈಗ ಐದು ತಿಂಗಳು. ಹುಟ್ಟಿದ ಎರಡನೆಯ ದಿನವೇ ಕ್ಷಯ (ಟಿಬಿ) ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ್ದೇವೆ, ಕಾರ್ಡಿನಲ್ಲಿ ದಿನಾಂಕವೂ ಇದೆ. ಆದರೆ ತೋಳಿನಲ್ಲಿ ಗುಳ್ಳೆ ಏಳಲಿಲ್ಲ, ಕಲೆಯೂ ಉಳಿಯಲಿಲ್ಲ. ಇಷ್ಟು ದಿನ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಮಾವನವರಿಗೆ, ಎರಡು ತಿಂಗಳು ಕೆಮ್ಮಿದ ಮೇಲೆ, ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂದಿದೆ. ಮೊನ್ನೆಯವರೆಗೂ ಮಗು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದುದೇ ಅವರ ಎದೆಯ ಮೇಲೆ.

ಮನೆಯಲ್ಲಿ ಮೂವರದು ಮೂರು ಮಾತು. ಅತ್ತೆ "ಚುಚ್ಚುಮದ್ದು ಆಗಿದೆಯಲ್ಲ, ಮಗುವಿಗೆ ಏನೂ ಆಗುವುದಿಲ್ಲ" ಎನ್ನುತ್ತಾರೆ. ನಾದಿನಿ "ಕಲೆ ಬಿದ್ದಿಲ್ಲವೆಂದರೆ ಮದ್ದು ಹಿಡಿದಿಲ್ಲ, ಇನ್ನೊಮ್ಮೆ ಹಾಕಿಸು" ಎನ್ನುತ್ತಾಳೆ. ನನ್ನ ಗಂಡ ಎಲ್ಲಿಯೋ ಓದಿಕೊಂಡು ಬಂದು "ಬಿಸಿಜಿಯಿಂದ ಪ್ರಯೋಜನವೇ ಇಲ್ಲವಂತೆ, ಕೆಲವು ದೇಶಗಳಲ್ಲಿ ಕೊಡುವುದೇ ಇಲ್ಲವಂತೆ" ಎಂದರು. ಯಾರ ಮಾತು ಸರಿ? ಮಗು ಹಾಲು ಕುಡಿಯುತ್ತಿದೆ, ಆಡುತ್ತಿದೆ, ಜ್ವರ ಇಲ್ಲ. ತಿಳಿದವರು ಹೇಳಿ.

ಅವಳಿಜವಳಿ_ಅಪ್ಪ

ಇಲ್ಲಿ ಉತ್ತರಕ್ಕಾಗಿ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಮಗುವನ್ನು ವೈದ್ಯರಿಗೆ ತೋರಿಸಿ. ಚರ್ಚೆ ಆಮೇಲೆ ಮಾಡೋಣ.

ಮಕ್ಕಳ_ವಾರ್ಡಿನಿಂದ

ಮಕ್ಕಳ ವೈದ್ಯನಾಗಿ ಬಹಳ ವರ್ಷ ದುಡಿದವನು. ತಂಗಿ, ಮೇಲಿನವರು ಹೇಳಿದ್ದು ಸರಿ, ನಾಳೆಯೇ ಹೋಗಿ. ಕಾರಣ ಹೇಳುತ್ತೇನೆ, ಮನೆಯವರಿಗೂ ಓದಿ ಹೇಳಿ.

ನಿಮ್ಮ ಮನೆಯ ಮೂರು ಮಾತುಗಳಲ್ಲಿ ಅತ್ಯಂತ ಅಪಾಯದ್ದು ಅತ್ತೆಯವರದು. ಬಿಸಿಜಿ ಆಗಿದೆ ಎಂದು ಕೈಕಟ್ಟಿ ಕೂರುವ ಹಾಗಿಲ್ಲ. ಈ ಲಸಿಕೆ ಚಿಕ್ಕ ಮಕ್ಕಳನ್ನು ಕ್ಷಯದ ಎರಡು ಭೀಕರ ರೂಪಗಳಿಂದ ಚೆನ್ನಾಗಿ ಕಾಯುತ್ತದೆ. ಒಂದು, ಮಿದುಳಿನ ಪೊರೆಗೆ ತಗುಲುವ ಕ್ಷಯ. ಇನ್ನೊಂದು, ರಕ್ತದ ಮೂಲಕ ಮೈಯೆಲ್ಲ ಹರಡುವ ಮಿಲಿಯರಿ ಟಿಬಿ. ಎರಡರಲ್ಲೂ ಸುಮಾರು ಮುಕ್ಕಾಲು ಪಾಲು ರಕ್ಷಣೆ ಸಿಗುತ್ತದೆ. ಶ್ವಾಸಕೋಶದ ಕ್ಷಯಕ್ಕೆ ಅಷ್ಟು ಇಲ್ಲ.

ಒಂದು ವರ್ಷದೊಳಗಿನ ಮಗುವಿಗೆ ಸೋಂಕು ತಗುಲಿ, ತಡೆ ಔಷಧ ಕೊಡದೆ ಬಿಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಕಾಯಿಲೆ ಬೀಳುತ್ತಾರೆ. ಕ್ಷಯಕ್ಕೆ ಔಷಧ ಬರುವ ಮುಂಚಿನ ಕಾಲದ ದಾಖಲೆಗಳಿಂದ ತಿಳಿದ ಮಾತು ಇದು. ದೊಡ್ಡವರಲ್ಲಿ ಇಡೀ ಜೀವಮಾನಕ್ಕೆ ಶೇಕಡಾ 5ರಿಂದ 10 ಮಾತ್ರ. ಆದ್ದರಿಂದಲೇ ಮನೆಯಲ್ಲಿ ಕಫದ ಟಿಬಿ ಇದ್ದಾಗ ಐದು ವರ್ಷದೊಳಗಿನ ಪ್ರತಿ ಮಗುವನ್ನೂ ಪರೀಕ್ಷಿಸಿ, ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ತಡೆ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಜಿ ಆಗಿದ್ದರೂ ಅಷ್ಟೇ, ಆಗಿಲ್ಲದಿದ್ದರೂ ಅಷ್ಟೇ. ಸಾಮಾನ್ಯವಾಗಿ ಐಸೋನಿಯಾಜಿಡ್ ಆರು ತಿಂಗಳು, ಇಲ್ಲವೇ ರಿಫಾಂಪಿಸಿನ್ ಜೊತೆ ಸೇರಿಸಿ ಮೂರು ತಿಂಗಳು.

ನೇರಮಾತು

ಡಾಕ್ಟರೇ, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಲಸಿಕೆ ಹಾಕಿಸಿದ ಮಗುವಿಗೂ ಮಾತ್ರೆ ಬೇಕು ಎನ್ನುತ್ತೀರಿ. ಹಾಗಾದರೆ ಲಸಿಕೆ ಏತಕ್ಕೆ? ಚೆಂಗಲ್ಪಟ್ಟು ಪ್ರಯೋಗ ನೆನಪಿದೆಯೇ? 1968ರಲ್ಲಿ ಶುರುವಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು, ಹದಿನೈದು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಲಸಿಕೆಯಿಂದ ರಕ್ಷಣೆಯೇ ಕಾಣಲಿಲ್ಲ. ಅಮೆರಿಕ ಮತ್ತು ನೆದರ್ಲೆಂಡ್ಸ್ ಎಲ್ಲ ಮಕ್ಕಳಿಗೂ ಇದನ್ನು ಎಂದೂ ಕೊಟ್ಟಿಲ್ಲ. ಸ್ವೀಡನ್ 1975ರಲ್ಲೇ ನಿಲ್ಲಿಸಿತು. ಪೋಷಕರಿಗೆ ಈ ಸತ್ಯವನ್ನು ಬಿಡಿಸಿ ಹೇಳುವವರು ಯಾರು?

ಲೆಕ್ಕದ_ಮೇಷ್ಟ್ರು

ನೇರಮಾತು ಅವರು ಹೇಳಿದ ಚೆಂಗಲ್ಪಟ್ಟಿನ ಫಲಿತಾಂಶ ನಿಜ. ಅದು ಹೊರಬಂದಾಗ ಲಸಿಕೆ ಕ್ಷೇತ್ರವೇ ಬೆಚ್ಚಿಬಿದ್ದಿತ್ತು. ಆದರೆ ಅದೊಂದನ್ನೇ ಹಿಡಿದು ಉಳಿದದ್ದನ್ನು ಬಿಟ್ಟರೆ ಅರ್ಧ ಸತ್ಯವಾಗುತ್ತದೆ. 1950ರಲ್ಲಿ ಬ್ರಿಟನ್ನಿನಲ್ಲಿ ಶಾಲೆ ಬಿಡುವ ವಯಸ್ಸಿನ ಮಕ್ಕಳ ಮೇಲೆ ಶುರು ಮಾಡಿದ ಪ್ರಯೋಗದಲ್ಲಿ ಇದೇ ಬಿಸಿಜಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿತು. ಒಂದೇ ಲಸಿಕೆ, ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಮುಕ್ಕಾಲು. ಈ ಅಂತರ ಏಕೆ ಎಂಬುದೇ ನಿಜವಾದ ಪ್ರಶ್ನೆ.

ಬಲವಾದ ವಿವರಣೆ ಹೀಗಿದೆ. ಬಿಸಿಲು ತೇವ ಎರಡೂ ಹೆಚ್ಚಿರುವ ಸೀಮೆಗಳಲ್ಲಿ ಮಣ್ಣಿನಲ್ಲಿ, ನೀರಿನಲ್ಲಿ ಕ್ಷಯಾಣುವಿನ ನಿರುಪದ್ರವಿ ಬಂಧುಗಳು ಬಹಳ. ಬೆಳೆಯುತ್ತ ಬೆಳೆಯುತ್ತ ಮೈ ಅವುಗಳ ಪರಿಚಯ ಮಾಡಿಕೊಂಡಿರುತ್ತದೆ. ಆಮೇಲೆ ಬಿಸಿಜಿ ಕೊಟ್ಟರೆ ಒಂದೋ ಅದು ಬೇರೂರುವ ಮೊದಲೇ ಮೈ ಅದನ್ನು ಹೊಡೆದುಹಾಕುತ್ತದೆ, ಇಲ್ಲವೇ ಆಗಲೇ ಇರುವ ಅಲ್ಪ ರಕ್ಷಣೆಯ ಮೇಲೆ ಹೊಸದೇನೂ ಸೇರುವುದಿಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಲಸಿಕೆಯ ಫಲ ಹೆಚ್ಚಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಈಗ ಯೋಚಿಸಿ: ಹುಟ್ಟಿದ ಎರಡನೆಯ ದಿನದ ಮಗುವಿಗೆ ಮಣ್ಣಿನ ಪರಿಚಯ ಎಲ್ಲಿಂದ ಬರಬೇಕು? ಹುಟ್ಟಿದ ಕೂಡಲೇ ಕೊಡುವುದರ ಮರ್ಮ ಅಲ್ಲಿದೆ. ದೊಡ್ಡವರಲ್ಲಿ ಸಿಕ್ಕ ಸೊನ್ನೆಯನ್ನು ಎತ್ತಿ ನವಜಾತ ಶಿಶುವಿನ ತಲೆಗೆ ಕಟ್ಟಬೇಡಿ.

ಚಿಕ್ಕಮ್ಮನಾದವಳು

ನನಗೆ ಅಂಕಿ ಗೊತ್ತಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ನನ್ನ ಅಕ್ಕನ ಮಗನಿಗೆ ಹುಟ್ಟಿದಾಗ ಬಿಸಿಜಿ ತಪ್ಪಿಹೋಯಿತು. ತೂಕ ಕಡಿಮೆ, ಆಮೇಲೆ ನೆಗಡಿ, ಆಮೇಲೆ ಪ್ರಯಾಣ, ಹೀಗೆ ಮುಂದೂಡುತ್ತ ಹೋದರು. ಒಂದೂವರೆ ವರ್ಷವಾದಾಗ ಮಗು ಸುಮ್ಮನೆ ರಚ್ಚೆ ಹಿಡಿಯಲು ಶುರುಮಾಡಿತು. ಬೆಳಗಿನ ಹೊತ್ತು ವಾಂತಿ, ಬಿಟ್ಟುಬಿಟ್ಟು ಸಣ್ಣ ಜ್ವರ. ಹೊಟ್ಟೆಯ ತೊಂದರೆ ಎಂದು ಎರಡು ವಾರ ಔಷಧ ನಡೆಯಿತು. ಮೂರನೆಯ ವಾರ ಒಂದು ದಿನ ಅವನು ನನ್ನನ್ನು ನೋಡುತ್ತಿದ್ದಾನೆ, ಒಂದು ಕಣ್ಣು ಮಾತ್ರ ಮೂಗಿನ ಕಡೆಗೆ ಜಾರಿದೆ. ಆ ಸಂಜೆಯೇ ಪ್ರಜ್ಞೆ ಮಂಕಾಯಿತು. ಬೆನ್ನಿನಿಂದ ನೀರು ತೆಗೆದು ನೋಡಿದರು, ಮಿದುಳಿನ ಪೊರೆಯ ಟಿಬಿ. ತಲೆಯಲ್ಲಿ ನೀರು ತುಂಬಿತ್ತು, ಕೊಳವೆ ಹಾಕಿ ಹೊಟ್ಟೆಗೆ ಇಳಿಸಿದರು.

ಈಗ ಅವನಿಗೆ ಒಂಬತ್ತು ವರ್ಷ. ಜೀವ ಉಳಿಯಿತು. ಬಲಗಾಲು ಎಳೆದು ನಡೆಯುತ್ತಾನೆ, ಅವನ ಬಲಗಾಲಿನ ಚಪ್ಪಲಿ ತುದಿಯಲ್ಲಿ ಮಾತ್ರ ಸವೆಯುತ್ತದೆ. ಅಕ್ಕ ಈಗಲೂ ಅವನ ಹಳೆಯ ಲಸಿಕೆ ಕಾರ್ಡಿನ ಖಾಲಿ ಮನೆಯನ್ನು ತೆಗೆದು ನೋಡುತ್ತಿರುತ್ತಾಳೆ.

ನೇರಮಾತು

ಚಿಕ್ಕಮ್ಮನಾದವರೇ, ಓದಿ ಮನಸ್ಸು ಭಾರವಾಯಿತು. ಆ ಮಗುವಿಗೆ ಒಳ್ಳೆಯದಾಗಲಿ. ಆದರೂ ಒಂದು ಮನೆಯ ಅನುಭವದಿಂದ ಲಸಿಕೆ ಕೆಲಸ ಮಾಡುತ್ತದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಲಸಿಕೆ ಹಾಕಿಸಿದ ಮಕ್ಕಳಿಗೂ ಇದೇ ಕಾಯಿಲೆ ಬಂದಿದೆ.

ಲೆಕ್ಕದ_ಮೇಷ್ಟ್ರು

ಒಪ್ಪಿದೆ. ಒಂದು ಮನೆ ಬೇಡ, ಜಗತ್ತನ್ನೇ ನೋಡೋಣ. 2002ರಲ್ಲಿ ಶಿಶುಗಳಿಗೆ ಕೊಟ್ಟ ಸುಮಾರು 10 ಕೋಟಿ ಬಿಸಿಜಿಯಿಂದ, ಆ ಮಕ್ಕಳ ಮೊದಲ ಐದು ವರ್ಷಗಳಲ್ಲಿ ಸುಮಾರು 30,000 ಮಿದುಳು ಪೊರೆಯ ಕ್ಷಯ ಮತ್ತು 11,000ಕ್ಕೂ ಮಿಕ್ಕಿ ಮಿಲಿಯರಿ ಪ್ರಕರಣಗಳು ತಪ್ಪಿದವು ಎಂಬ ಅಂದಾಜು 2006ರಲ್ಲಿ ಪ್ರಕಟವಾಯಿತು.

ನೇರಮಾತು

ಭಾಗಿಸಿ ನೋಡಿದೆ. ಸುಮಾರು 2,400 ಮಕ್ಕಳಿಗೆ ಚುಚ್ಚಿದರೆ ಒಂದು ಮಗುವಿಗೆ ಪ್ರಯೋಜನ. ಇದನ್ನೇ ನಾನು ಹೇಳುತ್ತಿರುವುದು.

ಲೆಕ್ಕದ_ಮೇಷ್ಟ್ರು

ಭಾಗಾಕಾರ ಸರಿ ಇದೆ. ಆದರೆ ಅದು ಜಗತ್ತಿನ ಸರಾಸರಿ. ಕ್ಷಯ ದಟ್ಟವಾಗಿರುವ ಕಡೆ ಆ 2,400 ಬಹಳ ಕೆಳಗೆ ಇಳಿಯುತ್ತದೆ, ಕ್ಷಯ ಅಪರೂಪವಾಗಿರುವ ಕಡೆ ಲಕ್ಷ ದಾಟಬಹುದು. ಅಮೆರಿಕ ಕೊಡದಿರುವುದಕ್ಕೂ ಸ್ವೀಡನ್ ನಿಲ್ಲಿಸಿದ್ದಕ್ಕೂ ಇದೇ ಕಾರಣ. ಅಲ್ಲಿನ ಮಗುವಿನ ಪಕ್ಕದಲ್ಲಿ ಕೆಮ್ಮುವವರಿಗೆ ಟಿಬಿ ಇರುವ ಸಂಭವ ತೀರಾ ಕಡಿಮೆ. ಅದರ ಜೊತೆಗೆ, ಬಿಸಿಜಿ ಆದವರಲ್ಲಿ, ಕ್ಷಯದ ಸೋಂಕು ತಗುಲಿದೆಯೇ ಎಂದು ನೋಡುವ ಚರ್ಮದ ಮಾಂಟೂ ಪರೀಕ್ಷೆಯನ್ನು ಓದುವುದು ಗೊಂದಲವಾಗುತ್ತದೆ ಎಂಬ ಲೆಕ್ಕವೂ ಅಮೆರಿಕದವರದು. ಬ್ರಿಟನ್ 2005ರಲ್ಲಿ ಶಾಲಾ ಮಕ್ಕಳ ಬಿಸಿಜಿ ನಿಲ್ಲಿಸಿತು, ಆದರೆ ಅಪಾಯ ಹೆಚ್ಚಿರುವ ಶಿಶುಗಳಿಗೆ ಕೊಡುವುದನ್ನು ಬಿಡಲಿಲ್ಲ. "ಅವರು ಕೊಡುವುದಿಲ್ಲ, ಆದ್ದರಿಂದ ಪ್ರಯೋಜನವಿಲ್ಲ" ಎನ್ನುವುದು ಮಳೆಯಿಲ್ಲದ ಊರಿನವರು ಛತ್ರಿ ಕೊಳ್ಳುವುದಿಲ್ಲ ಎಂದು ನಾವೂ ಮಳೆಯಲ್ಲಿ ನೆನೆದ ಹಾಗೆ.

ಹಳೆಹಾಳೆ

ಬಿಸಿಜಿ ಸತ್ತ ಕ್ಷಯಾಣುವಿನಿಂದ ಮಾಡಿದ್ದಲ್ಲವೇ? ಅದರಿಂದ ಇಷ್ಟು ಕೆಲಸ ಆಗುತ್ತದೆಯೇ?

ಪ್ರಯೋಗಾಲಯದವಳು

ಅಲ್ಲ, ಜೀವಂತ ಲಸಿಕೆ. ಅದೂ ಮನುಷ್ಯರ ಕ್ಷಯಾಣುವಲ್ಲ, ದನಗಳ ಕ್ಷಯಾಣು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಇಬ್ಬರೂ 1908ರಿಂದ 1921ರವರೆಗೆ ಅದನ್ನು ಪಿತ್ತರಸ ಮತ್ತು ಗ್ಲಿಸರಿನ್ ಹಾಕಿದ ಆಲೂಗೆಡ್ಡೆಯ ಮೇಲೆ ಮತ್ತೆ ಮತ್ತೆ ಬೆಳೆಸಿದರು. 13 ವರ್ಷ, 230 ಸಲ. ಕೊನೆಗೆ ಅದು ಕಾಯಿಲೆ ತರುವ ಶಕ್ತಿ ಕಳೆದುಕೊಂಡಿತು, ಆದರೆ ಮೈಗೆ ಪಾಠ ಕಲಿಸುವ ಶಕ್ತಿ ಉಳಿಯಿತು. ಜೀವಂತವಾದ್ದರಿಂದಲೇ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಂದಿದ ಮಕ್ಕಳಿಗೆ ಇದನ್ನು ಕೊಡುವ ಹಾಗಿಲ್ಲ. ಎಚ್‌ಐವಿ ಇರುವ ಮಗುವಿಗೆ ಚಿಕಿತ್ಸೆ ಶುರುವಾಗಿ ಆರೋಗ್ಯ ಸ್ಥಿರವಾಗುವವರೆಗೆ ಕಾಯಬೇಕು.

ಹಳೆಹಾಳೆ

ತಿದ್ದಿದ್ದಕ್ಕೆ ವಂದನೆಗಳು. ಈಗ ಹುಡುಕಿ ಓದಿದೆ. 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಈ ಲಸಿಕೆ ಪಡೆದ ಶಿಶುವಿನ ಕಥೆ ಈ ಚರ್ಚೆಗೇ ಸೇರಬೇಕು. ತಾಯಿ ಹೆರಿಗೆಯಾದ ಕೆಲವೇ ಹೊತ್ತಿನಲ್ಲಿ ಕ್ಷಯದಿಂದ ತೀರಿಕೊಂಡಿದ್ದಳು. ಮಗುವನ್ನು ಸಾಕಬೇಕಾಗಿದ್ದ ಅಜ್ಜಿಗೂ ಕ್ಷಯ. ಆಗ ಚುಚ್ಚುಮದ್ದಲ್ಲ, ಬಾಯಿಗೆ ಹನಿ. ಆ ಮಗುವಿಗೆ ಕ್ಷಯ ಬರಲಿಲ್ಲ. ನೂರು ವರ್ಷದ ಹಿಂದೆಯೂ ಪ್ರಶ್ನೆ ಇದೇ ಆಗಿತ್ತು, ಒಂದೇ ಸೂರಿನಡಿ ಕೆಮ್ಮುವ ಹಿರಿಯರು, ತೊಟ್ಟಿಲಿನಲ್ಲಿ ಕೂಸು.

ನೇರಮಾತು

1930ರ ಲ್ಯೂಬೆಕ್ ಕಥೆಯನ್ನೂ ಹೇಳಿ. ಜರ್ಮನಿಯಲ್ಲಿ 250ರಷ್ಟು ಶಿಶುಗಳಿಗೆ ಈ ಲಸಿಕೆ ಕೊಟ್ಟು 70ಕ್ಕೂ ಹೆಚ್ಚು ಕೂಸುಗಳು ಸತ್ತವು.

ಪ್ರಯೋಗಾಲಯದವಳು

ಹೇಳಲೇಬೇಕಾದ ಕಥೆ, ಮುಚ್ಚಿಡುವುದೇನೂ ಇಲ್ಲ. ಅಲ್ಲಿ ಲಸಿಕೆ ತಯಾರಿಸಿದ ಪ್ರಯೋಗಾಲಯದಲ್ಲಿ ಮನುಷ್ಯರ ಉಗ್ರ ಕ್ಷಯಾಣು ಅದರೊಳಗೆ ಬೆರೆತುಹೋಗಿತ್ತು. ವಿಚಾರಣೆಯಾಗಿ ಹೊಣೆಗಾರರಿಗೆ ಶಿಕ್ಷೆಯೂ ಆಯಿತು. ತಪ್ಪು ಬಿಸಿಜಿಯದಲ್ಲ, ಎರಡು ತಳಿಗಳನ್ನು ಒಂದೇ ಜಾಗದಲ್ಲಿ ಇಟ್ಟವರದು.

ಅವಳಿಜವಳಿ_ಅಪ್ಪ

ಮೂಲ ಪ್ರಶ್ನೆಯಲ್ಲಿ ಕಲೆಯ ವಿಷಯ ಇತ್ತು, ಅದು ಹಾಗೆಯೇ ಉಳಿಯಿತು. ನನ್ನ ಅವಳಿ ಮಕ್ಕಳಿಗೆ ಒಂದೇ ದಿನ, ಒಂದೇ ಸೀಸೆಯಿಂದ ಕೊಟ್ಟರು. ಒಬ್ಬನಿಗೆ ಕೀವು ತುಂಬಿದ ಗುಳ್ಳೆ, ಕಂಕುಳಲ್ಲಿ ಕಡಲೆಕಾಳಿನಷ್ಟು ಗಂಟು. ಇನ್ನೊಬ್ಬಳ ತೋಳು ನುಣ್ಣಗೆ ಹಾಗೆಯೇ ಇದೆ. ಇದಕ್ಕೇನು ಅರ್ಥ?

ಲಸಿಕೆ_ಕೊಠಡಿ

ನಾನು ನರ್ಸ್, ವಾರಕ್ಕೆರಡು ದಿನ ಇದೇ ಕೆಲಸ. ಬಿಸಿಜಿ ಚರ್ಮದ ಕೆಳಗಲ್ಲ, ಚರ್ಮದ ಪದರದೊಳಗೇ ಇಳಿಯಬೇಕು. ಸೂಜಿಯ ಬಾಯಿ ಮೇಲ್ಮುಖವಾಗಿರಬೇಕು, ಚರ್ಮಕ್ಕೆ ಹೆಚ್ಚುಕಡಿಮೆ ಸಮನಾಗಿ ಹಿಡಿಯಬೇಕು. ನವಜಾತ ಶಿಶುವಿಗೆ ಬರೀ 0.05 ಮಿಲಿಲೀಟರ್. ಸರಿಯಾಗಿ ಹೋದರೆ ಕಿತ್ತಳೆ ಸಿಪ್ಪೆಯಂತೆ ರಂಧ್ರ ರಂಧ್ರ ಕಾಣುವ ಒಂದು ಬಿಳಿ ಉಬ್ಬು ಏಳುತ್ತದೆ, ಒತ್ತುವಾಗ ಕೈಗೆ ತಡೆ ಸಿಗುತ್ತದೆ. ತಡೆಯೇ ಸಿಗದೆ ಸಲೀಸಾಗಿ ಹೋಯಿತೆಂದರೆ ಆಳಕ್ಕೆ ಇಳಿಯಿತು ಎಂದು ಲೆಕ್ಕ. ಮಗು ಕೈ ಒದರಿದರೆ ಅನುಭವಿಗಳಿಗೂ ತಪ್ಪುತ್ತದೆ.

ಇನ್ನೊಂದು ವಿಷಯ. ಈ ಲಸಿಕೆಗೆ ಬೆಳಕು ಆಗುವುದಿಲ್ಲ. ಕಲಸಿದ ಮೇಲೆ ಆರು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೆರಡು ಮಕ್ಕಳಿಗಾಗಿ ಸೀಸೆ ಒಡೆಯಲು ಹಿಂಜರಿದು "ಮುಂದಿನ ವಾರ ಬನ್ನಿ" ಎನ್ನುವುದನ್ನು ನಾನೂ ನೋಡಿದ್ದೇನೆ. ಅದು ನನಗೆ ಸಿಟ್ಟು ತರಿಸುತ್ತದೆ. ಮುಂದೂಡಿದ ಒಂದು ವಾರ ಹೇಗೆ ಒಂದೂವರೆ ವರ್ಷವಾಗುತ್ತದೆ ಎಂಬುದು ಚಿಕ್ಕಮ್ಮನಾದವರ ಬರಹದಲ್ಲಿದೆ.

ಗುಳ್ಳೆ ಒಡೆದರೆ ಪುಡಿ, ಮುಲಾಮು ಏನೂ ಹಚ್ಚಬೇಡಿ, ಒರೆಸಿ ಒಣಗಲು ಬಿಡಿ. ಕಂಕುಳ ಸಣ್ಣ ಗಂಟು ತಾನಾಗಿ ಕರಗುತ್ತದೆ. ದೊಡ್ಡದಾಗುತ್ತ ಹೋದರೆ ಅಥವಾ ಕೀವು ತುಂಬಿದರೆ ಮಾತ್ರ ತೋರಿಸಿ, ಕೊಯ್ಯಿಸಲು ಆತುರ ಬೇಡ.

ಮಕ್ಕಳ_ವಾರ್ಡಿನಿಂದ

ನರ್ಸ್ ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸರಿಯಾಗಿ ಕೊಟ್ಟ ಮಕ್ಕಳಲ್ಲೂ ಕೆಲವರಿಗೆ ಕಲೆ ಬೀಳುವುದಿಲ್ಲ. ಕಲೆ ಇಲ್ಲ ಎಂದ ಮಾತ್ರಕ್ಕೆ ರಕ್ಷಣೆ ಇಲ್ಲ ಎನ್ನಲು ಆಧಾರವಿಲ್ಲ. ದಾಖಲೆಯಲ್ಲಿ ಲಸಿಕೆ ಆಗಿದ್ದರೆ ಮತ್ತೆ ಕೊಡುವುದು ಬೇಡ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬ್ರೆಜಿಲ್‌ನಲ್ಲಿ ಶಾಲಾ ಮಕ್ಕಳಿಗೆ ಎರಡನೆಯ ಬಿಸಿಜಿ ಕೊಟ್ಟು ದೊಡ್ಡ ಪ್ರಯೋಗ ಮಾಡಿದರು, ಹೇಳಿಕೊಳ್ಳುವಂಥ ಹೆಚ್ಚಿನ ರಕ್ಷಣೆ ಸಿಗಲಿಲ್ಲ. ಆದ್ದರಿಂದ ನಾದಿನಿಯ ಮಾತನ್ನೂ ಪಕ್ಕಕ್ಕಿಡಿ.

ಹಳೆಹಾಳೆ

ಆದರೆ ಆಫ್ರಿಕಾದ ಗಿನಿ ಬಿಸಾವ್‌ನಲ್ಲಿ ಕಲೆ ಇದ್ದ ಮಕ್ಕಳು ಕಲೆ ಇಲ್ಲದವರಿಗಿಂತ ಕಡಿಮೆ ಸತ್ತರು ಎಂಬ ಅಧ್ಯಯನ ಇದೆಯಲ್ಲ ಸರ್? ಅಂದರೆ ಕಲೆಗೆ ಅರ್ಥ ಇದೆ.

ಮಕ್ಕಳ_ವಾರ್ಡಿನಿಂದ

ಇದೆ. ಆದರೆ ಅಲ್ಲಿ ಎಣಿಸಿದ್ದು ಎಲ್ಲ ಕಾರಣದ ಸಾವುಗಳನ್ನು, ಕ್ಷಯವೊಂದನ್ನೇ ಅಲ್ಲ. ಕಲೆ ಬೀಳುವ ಮಗು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು, ಅದನ್ನು ಬಿಡಿಸಿ ನೋಡುವುದು ಸುಲಭವಲ್ಲ. ಅದರಿಂದ "ಮತ್ತೆ ಚುಚ್ಚಿಸಿ" ಎಂಬ ತೀರ್ಮಾನಕ್ಕೆ ಜಿಗಿಯಲಾಗದು.

ಎಂಟನೇ_ತಿಂಗಳು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಗರ್ಭಿಣಿ, ನನಗೇ ಟಿಬಿ ಚಿಕಿತ್ಸೆ ಈಗಷ್ಟೇ ಶುರುವಾಗಿದೆ. ಮಗು ಹುಟ್ಟಿದ ಕೂಡಲೇ ಬಿಸಿಜಿ ಕೊಡಿಸಬೇಕೇ?

ಮಕ್ಕಳ_ವಾರ್ಡಿನಿಂದ

ಇದನ್ನು ಹೆರಿಗೆಗೆ ಮೊದಲೇ ನಿಮ್ಮ ವೈದ್ಯರೊಂದಿಗೆ ಮಾತನಾಡಿಕೊಳ್ಳಿ ತಾಯಿ, ಆ ದಿನದವರೆಗೆ ಕಾಯಬೇಡಿ. ಹೆರಿಗೆಯ ಹೊತ್ತಿಗೂ ನಿಮ್ಮಿಂದ ಸೋಂಕು ಹರಡುವ ಸ್ಥಿತಿ ಇದ್ದರೆ ಮಗುವಿಗೆ ಮೊದಲು ತಡೆ ಔಷಧ, ಅದು ಮುಗಿದ ಮೇಲೆ ಬಿಸಿಜಿ. ಬಿಸಿಜಿ ಜೀವಂತ ಲಸಿಕೆ, ಐಸೋನಿಯಾಜಿಡ್ ಅದನ್ನೂ ಕೊಂದುಬಿಡುತ್ತದೆ. ಎದೆಹಾಲು ನಿಲ್ಲಿಸಬೇಕಾಗಿಲ್ಲ. ಮಾಸ್ಕ್ ಹಾಕಿಕೊಂಡು ಕುಡಿಸಿ.

ಎಂಟನೇ_ತಿಂಗಳು

ಹಾಲು ಕುಡಿಸಬಹುದು ಎಂದಿರಲ್ಲ, ಅಷ್ಟೇ ಸಾಕು. ನಾಲ್ಕು ದಿನದಿಂದ ಅದೊಂದೇ ಚಿಂತೆ ಕಾಡುತ್ತಿತ್ತು.

ನೇರಮಾತು

ನನ್ನದು ಕೊನೆಯ ಪ್ರಶ್ನೆ. ಮೂಲ ಬರಹದ ಮಗುವಿನ ಹಾಗೆ ಮನೆಯಲ್ಲೇ ರೋಗಿ ಇರುವ ಮಕ್ಕಳಲ್ಲಿ ಬಿಸಿಜಿ ಎಷ್ಟು ಕಾಯುತ್ತದೆ? ನನಗೆ ಜಗತ್ತಿನ ಸರಾಸರಿ ಬೇಡ, ಈ ಮಗುವಿನ ಲೆಕ್ಕ ಬೇಕು.

ಲೆಕ್ಕದ_ಮೇಷ್ಟ್ರು

ಇದು ಒಳ್ಳೆಯ ಪ್ರಶ್ನೆ. 17 ದೇಶಗಳ 26 ಅಧ್ಯಯನಗಳಲ್ಲಿ ರೋಗಿಗಳ ಸಂಪರ್ಕಕ್ಕೆ ಬಂದವರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2022ರಲ್ಲಿ ಬಂತು. ಐದು ವರ್ಷದೊಳಗಿನವರಲ್ಲಿ ಎಲ್ಲ ಬಗೆಯ ಕ್ಷಯಕ್ಕೆ ಸೇರಿಸಿ ಸುಮಾರು ಶೇಕಡಾ 37 ರಕ್ಷಣೆ. ಹತ್ತು ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 37 ಎಂದರೆ ಸೊನ್ನೆಯಲ್ಲ, ನೂರೂ ಅಲ್ಲ. ಬಿಸಿಜಿ ಬೇಕು, ಆದರೆ ಮಾತ್ರೆಯನ್ನು ಬಿಡಲಾಗದು ಎಂದು ಡಾಕ್ಟರ್ ಹೇಳಿದ್ದು ಈ 37ರ ಕಾರಣಕ್ಕೇ.

ನೇರಮಾತು

ಈ ಲೆಕ್ಕ ಒಪ್ಪುತ್ತೇನೆ. ಶಿಶುಗಳ ವಿಷಯದಲ್ಲಿ "ಪ್ರಯೋಜನವಿಲ್ಲ" ಎಂಬ ಅರ್ಥ ಬರುವಂತೆ ಬರೆದದ್ದು ತಪ್ಪು, ಹಿಂದಕ್ಕೆ ಪಡೆಯುತ್ತೇನೆ. ಆದರೆ ನೂರು ವರ್ಷದ ಹಳೆಯ ಲಸಿಕೆಯೊಂದನ್ನೇ ನಂಬಿ ಕುಳಿತಿದ್ದೇವೆ ಎಂಬ ಸಿಟ್ಟನ್ನು ಬಿಡಲಾರೆ. ಶ್ರೀಮಂತ ದೇಶಗಳ ಕಾಯಿಲೆಯಾಗಿದ್ದರೆ ಇಷ್ಟು ಹೊತ್ತಿಗೆ ಇನ್ನೆರಡು ಲಸಿಕೆ ಬಂದಿರುತ್ತಿದ್ದವು.

ಪ್ರಯೋಗಾಲಯದವಳು

ಆ ಸಿಟ್ಟು ನನಗೂ ಇದೆ. ಎಂ72 ಎಂಬ ಲಸಿಕೆ ಸೋಂಕು ಆಗಲೇ ಇರುವ ವಯಸ್ಕರಲ್ಲಿ ಶ್ವಾಸಕೋಶದ ಕ್ಷಯವನ್ನು ಸುಮಾರು ಅರ್ಧಕ್ಕೆ ಇಳಿಸಿತು, ಅದರ ಮೂರನೆಯ ಹಂತದ ಪ್ರಯೋಗ 2024ರಲ್ಲಿ ಶುರುವಾಯಿತು. ಅದು ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ. ಆದರೆ ಕೂಸುಗಳಿಗೆ ಸೋಂಕು ಬರುವುದೇ ದೊಡ್ಡವರಿಂದ ಅಲ್ಲವೇ.

ತೊಟ್ಟಿಲು_ತೂಗುವವಳು

ಎಲ್ಲರಿಗೂ ವಂದನೆಗಳು. ಮೊದಲ ಉತ್ತರ ಓದಿದ ಮರುದಿನವೇ ಹೋದೆವು. ತೂಕ ನೋಡಿದರು, ಕುತ್ತಿಗೆ ಕಂಕುಳು ಮುಟ್ಟಿ ನೋಡಿದರು, ಎದೆಯ ಎಕ್ಸ್-ರೇ ತೆಗೆಸಿದರು. ಕಾಯಿಲೆ ಇಲ್ಲ. ಕಲೆಯ ವಿಷಯ ಕೇಳಿದೆ, "ಬಿಟ್ಟುಬಿಡಿ" ಎಂದರು. ಐಸೋನಿಯಾಜಿಡ್ ಆರು ತಿಂಗಳು ಬರೆದುಕೊಟ್ಟಿದ್ದಾರೆ. ಮಾಂಟೂ ಮಾಡುವುದಿಲ್ಲವೇ ಎಂದು ಗಂಡ ಕೇಳಿದ್ದಕ್ಕೆ, ಇಷ್ಟು ಚಿಕ್ಕ ಮಗುವಿಗೆ ಅದಕ್ಕಾಗಿ ಕಾಯಬೇಕಿಲ್ಲ ಎಂದರು.

ಮಾವನವರು ಆ ದಿನದಿಂದ ಕಿಟಕಿಯ ಕೋಣೆಯಲ್ಲಿ ಮಾಸ್ಕ್ ಹಾಕಿಕೊಂಡು ಇದ್ದಾರೆ. ಮಗುವನ್ನು ಬಾಗಿಲಿನಿಂದಲೇ ನೋಡುತ್ತಾರೆ. ಮಗು ಅವರನ್ನು ಕಂಡರೆ ಕೈ ಚಾಚುತ್ತದೆ, ಅವರು ಮುಖ ತಿರುಗಿಸಿಕೊಳ್ಳುತ್ತಾರೆ. "ನನ್ನಿಂದ ಆಯಿತು" ಎಂಬ ಮಾತು ಅವರ ಬಾಯಿಂದ ಎರಡು ಸಲ ಬಂತು. ಅದನ್ನು ಕೇಳಲು ನನ್ನಿಂದ ಆಗುತ್ತಿಲ್ಲ.

ಮತ್ತೆ, ಮಾತ್ರೆ ಬಾಯಿಗೆ ಹಾಕಿದರೆ ಉಗುಳುತ್ತಾಳೆ. ಏನು ಮಾಡಲಿ?

ಲಸಿಕೆ_ಕೊಠಡಿ

ಮಾತ್ರೆಯನ್ನು ಒಂದು ಚಮಚ ನೀರಿನಲ್ಲಿ ಪೂರ್ತಿ ಕರಗಿಸಿ, ಸೂಜಿಯಿಲ್ಲದ ಸಣ್ಣ ಸಿರಿಂಜ್‌ನಲ್ಲಿ ತೆಗೆದು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ನಾಲಿಗೆಯ ಮೇಲೆ ಬೇಡ. ಕೊಟ್ಟ ಕೂಡಲೇ ವಾಂತಿ ಮಾಡಿದರೆ ಮತ್ತೆ ಕೊಡಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ, ನೀವೇ ತೀರ್ಮಾನಿಸಬೇಡಿ. ಕಣ್ಣು ಹಳದಿಯಾದರೆ ಅಥವಾ ಹಾಲು ಬಿಟ್ಟರೆ ತಡಮಾಡದೆ ತೋರಿಸಿ.

ಮಕ್ಕಳ_ವಾರ್ಡಿನಿಂದ

ಮಾವನವರಿಗೆ ನನ್ನ ಹೆಸರಿನಲ್ಲಿ ಹೇಳಿ: ಕಫ ಪರೀಕ್ಷೆ ಮಾಡಿಸಿಕೊಂಡು ಅವರೇ ಮಗುವನ್ನು ಕಾಪಾಡಿದ್ದಾರೆ. ಮದ್ದು ಸರಿಯಾಗಿ ನಾಟಿದರೆ ಕೆಲವೇ ವಾರಗಳಲ್ಲಿ ಅವರಿಂದ ಸೋಂಕು ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ವೈದ್ಯರು ಸರಿ ಎಂದ ದಿನ ಮಗುವನ್ನು ಅವರ ಕೈಗೆ ಕೊಡಿ. ಒಂದು ದಿನವೂ ಮಾತ್ರೆ ತಪ್ಪಿಸಬಾರದು, ಅವರೂ ಅಷ್ಟೇ, ಮಗುವೂ ಅಷ್ಟೇ.

ತೊಟ್ಟಿಲು_ತೂಗುವವಳು

ಇಂದಿಗೆ 62ನೆಯ ದಿನ. ಸಿರಿಂಜ್ ಉಪಾಯ ಫಲಿಸಿತು. ಮಗಳ ತೂಕ ಏರಿದೆ. ಮಾವನವರ ಕಫದಲ್ಲಿ ಈಗ ರೋಗಾಣು ಕಾಣುತ್ತಿಲ್ಲ, ಹೋದ ವಾರದಿಂದ ಮಗು ಮತ್ತೆ ಅವರ ಮಡಿಲಿನಲ್ಲಿದೆ. ಅವರದೂ ಆರು ತಿಂಗಳು, ಇವಳದೂ ಆರು ತಿಂಗಳು. ಒಂದೇ ಕ್ಯಾಲೆಂಡರಿನಲ್ಲಿ ದಿನಕ್ಕೆ ಎರಡು ಗುರುತು, ಅವರದು ನೀಲಿ, ಇವಳದು ಕೆಂಪು. ಬೆಳಿಗ್ಗೆ ಪೆನ್ನು ಹಿಡಿದು ಕೂರುವವರು ಮಾವನವರೇ.